ಸರ್ಟಿಫಿಕೇಟ್ ಅಪ್‌ಲೋಡ್ ಆಗ್ತಿಲ್ವಾ? ಹೊಸದು ಮಾಡಬೇಡಿ, ತಡೀರಿ

ಕಳೆದ ಜುಲೈಯಲ್ಲಿ ಉಡುಪಿಯ ಒಂದು ಶಾಲೆಯಿಂದ ಫೋನ್ ಬಂತು. "ಸರ್, ಸರ್ಟಿಫಿಕೇಟ್ ಹಾಕಿದ್ರೆ ಸರ್ವರ್ ತಗೊಳ್ಳುವುದಿಲ್ಲ. ಮೂರು ಸಲ ಹೊಸದು ಮಾಡಿ ಆಯ್ತು." ಮೂರು ಸಲ ಮಾಡಿದ್ದೇ ಎಡವಟ್ಟು, ಮಾರಾಯ್ರೆ.

ಶಾಲೆಯ ಐಪ್ಯಾಡ್‌ಗಳಿಗೆ ಆ್ಯಪ್ ಹಾಕುವುದು, ಕಳೆದುಹೋದರೆ ಲಾಕ್ ಮಾಡುವುದು ಎಲ್ಲ ಡಿವೈಸ್ ಮ್ಯಾನೇಜ್‌ಮೆಂಟ್ ಸರ್ವರ್‌ನಿಂದ. ಐಪ್ಯಾಡನ್ನು ಕರೆದು ಎಬ್ಬಿಸಲು ಸರ್ವರ್‌ಗೆ ಆಪಲ್ ಕೊಡುವ ಪುಶ್ ಸರ್ಟಿಫಿಕೇಟ್ ಬೇಕು. ಅದರ ಆಯುಷ್ಯ ಒಂದೇ ವರ್ಷ.

ಹಂತ 1: ಸರ್ವರ್‌ನಲ್ಲಿ ರಿನ್ಯೂ ಒತ್ತಿ, ಸಿಎಸ್‌ಆರ್ ಫೈಲ್ (ಸರ್ಟಿಫಿಕೇಟ್ ಕೇಳುವ ಅರ್ಜಿ) ಇಳಿಸಿಕೊಳ್ಳಿ. ಒಂದೇ ಸಲ!

ಸಿಎಸ್‌ಆರ್ ಮಾಡುವಾಗ ಸರ್ವರ್ ತನ್ನೊಳಗೆ ಒಂದು ಪ್ರೈವೇಟ್ ಕೀ, ಅಂದರೆ ಗುಟ್ಟಿನ ಕೀಲಿ, ಇಟ್ಟುಕೊಳ್ಳುತ್ತದೆ. ಆಪಲ್‌ನಿಂದ ಬರುವ ಪೆಮ್ ಫೈಲ್ (ಸರ್ಟಿಫಿಕೇಟ್ ಇರುವುದು ಇದರಲ್ಲೇ) ಆ ಕೀಗೆ ಮಾತ್ರ ಜೋಡಿ. ಮಠದ ಎದುರು ಚಪ್ಪಲಿ ಕೊಟ್ಟು ಟೋಕನ್ ತಗೊಂಡ ಹಾಗೆ. ಬೇರೆ ಟೋಕನ್ ತೋರಿಸಿದರೆ ನಿಮ್ಮ ಚಪ್ಪಲಿ ಸಿಗುತ್ತದಾ? ಎಷ್ಟೋ ಸರ್ವರ್‌ಗಳಲ್ಲಿ ಮತ್ತೊಮ್ಮೆ ಸಿಎಸ್‌ಆರ್ ಮಾಡಿದರೆ ಹಳೇ ಕೀ ಅಳಿಸಿಹೋಗುತ್ತದೆ. ಎರಡು ಟ್ಯಾಬ್ ತೆರೆದಿಟ್ಟುಕೊಂಡರೂ ಇದೇ ಕಥೆ. "ಕೀ ಹೊಂದುತ್ತಿಲ್ಲ" ಎಂಬ ಎರರ್ ಬಂದರೆ ಹೆಚ್ಚಾಗಿ ಕಾರಣ ಇದೇ.

ಹಂತ 2: ಆಪಲ್‌ನ ಪುಶ್ ಸರ್ಟಿಫಿಕೇಟ್ ಪೋರ್ಟಲ್‌ಗೆ ಕಳೆದ ವರ್ಷದ ಆಪಲ್ ಐಡಿಯಿಂದಲೇ (ಈಗ ಆಪಲ್ ಅಕೌಂಟ್ ಅನ್ನುತ್ತಾರೆ) ಲಾಗಿನ್ ಆಗಿ.

ಈ ಶಾಲೆಯಲ್ಲಿ ಆ ಐಡಿ ಕೆಲಸ ಬಿಟ್ಟು ದುಬೈಗೆ ಹೋದವರದ್ದು! ಓಟಿಪಿ ಅವರ ಫೋನಿಗೆ. ಅವರು ಡ್ಯೂಟಿ ಮುಗಿಸಿ ನೋಡುವವರೆಗೆ ನಾವು ಮಳೆ ನೋಡುತ್ತಾ ಕೂತೆವು. ಸ್ವಂತ ಐಡಿ ಬೇಡವೇ ಬೇಡ. ಸಂಸ್ಥೆಯ ಇಮೇಲ್‌ನಲ್ಲಿ ಒಂದು ಐಡಿ ಮಾಡಿ, ಸಂಸ್ಥೆಯದೇ ನಂಬರ್ ಕೊಡಿ.

ಹಂತ 3: ಎಲ್ಲರೂ ಬೀಳುವುದು ಇಲ್ಲಿ. ಪೋರ್ಟಲ್‌ನಲ್ಲಿ ಹೊಸದು ಮಾಡುವ ಬಟನ್ ದೊಡ್ಡದಾಗಿ ಕಣ್ಣಿಗೆ ಬೀಳುತ್ತದೆ. ಅದನ್ನು ಒತ್ತಬೇಡಿ. ಹಳೇ ಸರ್ಟಿಫಿಕೇಟಿನ ಸಾಲಿನಲ್ಲಿರುವ ರಿನ್ಯೂ ಒತ್ತಿ, ಹಂತ 1ರಲ್ಲಿ ಇಳಿಸಿದ ಸಿಎಸ್‌ಆರ್ ಕೊಡಿ. ಒಂದೇ ಥರದ ಎರಡು ಮೂರು ಸಾಲು ಇದ್ದರೆ ಪಕ್ಕದ ಮಾಹಿತಿ ಗುರುತನ್ನು ಒತ್ತಿ, ಅಲ್ಲಿರುವ ಉದ್ದದ ಯುಐಡಿಯನ್ನು (ಆ ಸರ್ಟಿಫಿಕೇಟಿನ ಗುರುತು) ಸರ್ವರ್‌ನಲ್ಲಿ ಟಾಪಿಕ್ ಅಂತ ತೋರಿಸುವುದರ ಜೊತೆ ಅಕ್ಷರ ಅಕ್ಷರ ಹೋಲಿಸಿ. ರಿನ್ಯೂ ಮಾಡಿದರೆ ಟಾಪಿಕ್ ಬದಲಾಗುವುದಿಲ್ಲ. ಹೊಸದು ಮಾಡಿದರೆ ಬದಲಾಗುತ್ತದೆ. ಕೆಲವು ಸರ್ವರ್ ಆಗ ಎರರ್ ಕೊಡುತ್ತವೆ. ಅದು ಒಳ್ಳೆಯದೇ. ಸುಮ್ನೆ ಒಪ್ಪಿಕೊಳ್ಳುವ ಸರ್ವರ್ ಇದ್ದರೆ ಮಾತ್ರ ಕಷ್ಟ: ಐಪ್ಯಾಡ್‌ಗಳು ಹಳೇ ಟಾಪಿಕ್‌ನ ಕರೆಗೇ ಕಾಯುತ್ತಿರುತ್ತವೆ, ಒಂದೊಂದನ್ನೂ ಸರ್ವರ್‌ಗೆ ಮತ್ತೆ ಸೇರಿಸಬೇಕು.

ಈಗಾಗಲೇ ತಪ್ಪಿ ಹೊಸದು ಹಾಕಿದ್ದೀರಾ? ಹಳೆಯದು ಪೋರ್ಟಲ್‌ನಲ್ಲಿ ಇನ್ನೂ ಉಂಟಾ ನೋಡಿ. ಇದ್ದರೆ ಹೊಸ ಸಿಎಸ್‌ಆರ್‌ನಿಂದ ಅದನ್ನೇ ರಿನ್ಯೂ ಮಾಡಿ ಹಾಕಿ. ಸರ್ಟಿಫಿಕೇಟ್ ರದ್ದು ಮಾಡುವ ರಿವೋಕ್ ಬಟನ್‌ಗೆ ಮಾತ್ರ ಕೈ ಹಾಕಬೇಡಿ.

ಹಂತ 4: ಪೋರ್ಟಲ್‌ನಿಂದ ಪೆಮ್ ಫೈಲ್ ಇಳಿಸಿ, ಸರ್ವರ್‌ಗೆ ಅಪ್‌ಲೋಡ್ ಮಾಡಿ.

ಶಾಲೆಯ ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ನಾಲ್ಕು ಫೈಲ್ ಇದ್ದವು, ಕೊನೆಗೆ 1, 2, 3 ಅಂತ ನಂಬರ್ ಮಾತ್ರ ಬೇರೆ. ಅವರು ಪ್ರತಿ ಸಲ ಹಾಕುತ್ತಿದ್ದದ್ದು ನಂಬರ್ ಇಲ್ಲದ್ದನ್ನು, ಅಂದರೆ ಹೋದ ವರ್ಷದ್ದನ್ನು! ಹಳೆಯದೆಲ್ಲ ಬೇರೆ ಕಡೆ ಸರಿಸಿ ಶುರು ಮಾಡಿ. ಅನುಮಾನ ಇದ್ದರೆ ಫೈಲಿನ ಒಂದು ಕಾಪಿಗೆ ಪೆಮ್ ಬದಲು ಸಿಆರ್‌ಟಿ ಅಂತ ಹೆಸರು ಕೊಡಿ. ವಿಂಡೋಸ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಮುಗಿಯುವ ತಾರೀಕು ಕಾಣುತ್ತದೆ.

ಫೈಲನ್ನು ವರ್ಡ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಮೊದಲ ಸಾಲಿನ ಆಚೀಚೆ ಐದೈದು ಗೆರೆ ಇರುತ್ತವೆ, ಒಂದು ಕೆಟ್ಟರೂ ಫೈಲ್ ಹಾಳು. ಇನ್ನು, ಪ್ರೈವೇಟ್ ಕೀ ಮತ್ತು ಪಾಸ್‌ವರ್ಡ್ ಕೇಳುವ "ಫ್ರೀ ಕನ್ವರ್ಟರ್" ಸೈಟ್‌ಗಳಿಗೆ ಕಾಲಿಡಬೇಡಿ. ಮನೆ ಬೀಗದ ಕೈಯನ್ನು ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತರಿಗೆ ಕೊಡ್ತೀರಾ?

ಹಂತ 5: ಒಂದು ಐಪ್ಯಾಡ್‌ಗೆ ಸಣ್ಣ ಕಮಾಂಡ್ ಕಳಿಸಿ ನೋಡಿ. ಅಪ್‌ಲೋಡ್ ಸರಿಯಾಗಿಯೂ ಅದು ಮಿಸುಕದಿದ್ದರೆ ಸರ್ಟಿಫಿಕೇಟನ್ನು ಮತ್ತೆ ಕೆದಕಬೇಡಿ, ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲುಗಾರ) ನೋಡಿ. ಸರ್ವರ್‌ನಿಂದ ಆಪಲ್‌ಗೆ 443 ಅಥವಾ 2197, ಐಪ್ಯಾಡ್‌ನಿಂದ 5223 ಪೋರ್ಟ್ ತೆರೆದಿರಬೇಕು.

ಆ ಶಾಲೆಯಲ್ಲಿ ಈಗ ಐಡಿ, ಟಾಪಿಕ್ ಮತ್ತು ಮುಗಿಯುವ ತಾರೀಕು ಸ್ಟಾಕ್ ರಿಜಿಸ್ಟರ್‌ನ ಮೊದಲ ಪುಟದಲ್ಲಿ ಉಂಟು. ಕೆಂಪು ಶಾಯಿಯಲ್ಲಿ ಬರೆಸಿದ್ದು ನಾನೇ.