ಸ-ಗ-ಪ ಒತ್ತಿ ಹಿಡಿದು ಆರ್ಗನ್ ಆರಿಸುವ ಬಗೆ

ಯಾವ ಸಾಫ್ಟ್‌ವೇರ್ ಆರ್ಗನ್ ಕೊಳ್ಳಲಿ ಎಂದು ಕೇಳುವವರಿಗೆ ನಾನು ಮೊದಲು ಒಂದು ಕೆಲಸ ಹೇಳುತ್ತೇನೆ. ಸ-ಗ-ಪ ಮೂರನ್ನೂ ಒಟ್ಟಿಗೆ ಒತ್ತಿ, ಒಂದು ನಿಮಿಷ ಕೈ ಎತ್ತಬೇಡಿ. ಪಿಯಾನೊದ ನಾದ ಒತ್ತಿದ ಕ್ಷಣದಿಂದಲೇ ಸೊರಗುತ್ತ ಹೋಗುವುದರಿಂದ ಅದರ ಐಬುಗಳೂ ಜೊತೆಗೇ ಅಡಗುತ್ತವೆ. ಆರ್ಗನ್ನಿನ ನಾದ ಬೆರಳು ಇರುವಷ್ಟು ಹೊತ್ತೂ ನಿಲ್ಲುತ್ತದೆ. ಕಂಪ್ಯೂಟರ್ ಒಂದೇ ತುಣುಕನ್ನು ಸುತ್ತಿ ಸುತ್ತಿ ಕೇಳಿಸುತ್ತಿದ್ದರೆ ಕಿವಿಗೆ ಬೇಗ ಗೊತ್ತಾಗಿಬಿಡುತ್ತದೆ.

ನಾನು ಧಾರವಾಡದಲ್ಲಿ ಸುಗಮ ಸಂಗೀತಕ್ಕೆ ಹಾರ್ಮೋನಿಯಂ ಸಾಥಿ ಕೊಡುವವನು. ಮಹಡಿಯ ಸಣ್ಣ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್, 61 ಕೀಗಳ ಕೀಬೋರ್ಡ್, ಒಂದು ಹೆಡ್‌ಫೋನ್ ಇಟ್ಟುಕೊಂಡು ಹಾಡುಗಳಿಗೆ ಹಿಮ್ಮೇಳ ಕಟ್ಟುತ್ತೇನೆ. ಸೋದರಮಾವ ನಾಟಕ ಕಂಪನಿಯಲ್ಲಿ ಲೆಗ್ ಹಾರ್ಮೋನಿಯಂ ನುಡಿಸುತ್ತಿದ್ದರು. ಕಾಲಿನಿಂದ ಗಾಳಿ ತುಂಬುತ್ತ, ಎರಡೂ ಕೈಗಳನ್ನು ಕೀಗಳ ಮೇಲೆ ಬಿಟ್ಟು, ನಟನ ಉಸಿರಿಗೆ ತಕ್ಕಂತೆ ಸ್ವರವನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದ ಆ ಬಗೆ ನನ್ನ ಕಿವಿಯಲ್ಲಿ ಇನ್ನೂ ಇದೆ. ಆರ್ಗನ್ ಎಂದರೆ ಗಾಳಿ ಮತ್ತು ಚಲನೆ ಎಂದು ನಾನು ಕಲಿತದ್ದು ಅಲ್ಲಿ.

ಹಾಗಿದ್ದೂ ಮೊದಲ ಸಲ ಕೊಳ್ಳುವಾಗ ಎಡವಿದೆ. ಹಾಡಿಗೆ ಬೇಕಾಗಿದ್ದುದು ಹ್ಯಾಮಂಡ್ ಧಾಟಿಯ ನಾದ. ನಾನು ಕೊಂಡದ್ದು ದೊಡ್ಡ ಚರ್ಚ್ ಆರ್ಗನ್ನಿನ ಧ್ವನಿಮುದ್ರಿತ ಸಂಗ್ರಹ. ಎಂಟು ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿನಲ್ಲಿ ಅದು ಪೂರ್ತಿ ತೆರೆದುಕೊಳ್ಳಲೇ ಇಲ್ಲ. ಆದ್ದರಿಂದ ನಿಮ್ಮ ಹಾಡು ಕೇಳುತ್ತಿರುವುದು ಹ್ಯಾಮಂಡ್‌ನಂಥ ತಿರುಗುವ ಚಕ್ರದ ಆರ್ಗನ್ನನ್ನೋ, ಚರ್ಚಿನ ಕೊಳವೆ ಆರ್ಗನ್ನನ್ನೋ, ಹಾರ್ಮೋನಿಯಂನಂಥ ರೀಡಿನದನ್ನೋ ಎಂಬುದನ್ನು ಮೊದಲು ತೀರ್ಮಾನಿಸಿ. ಈ ಮೂರೂ ಬೇರೆ ಬೇರೆ ವಾದ್ಯಗಳು.

ಹೆಚ್ಚಿನವರಿಗೆ ಬೇಕಾಗುವುದು ಮೊದಲನೆಯದು. ಅಮೆರಿಕದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮಾರುಕಟ್ಟೆಗೆ ತಂದ ಈ ವಿದ್ಯುತ್ ಆರ್ಗನ್ನಿನಲ್ಲಿ ಅಂಚು ಉಬ್ಬುತಗ್ಗಾಗಿರುವ ಲೋಹದ ಚಕ್ರಗಳು ಅಯಸ್ಕಾಂತದ ಮುಂದೆ ತಿರುಗುತ್ತವೆ, ಒಂದೊಂದು ಚಕ್ರಕ್ಕೆ ಒಂದೊಂದು ಸ್ವರ. ಎಲ್ಲರೂ ಬೆನ್ನು ಹತ್ತುವ ಬಿ-3 ಮಾದರಿಯಲ್ಲಿ ನಾದ ಕೊಡುವ ಚಕ್ರಗಳು 91. ಚಕ್ರ ತಿರುಗಿಸುವ ಮೋಟಾರಿನ ವೇಗ ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದದ್ದು. ಅಮೆರಿಕದ 60 ಹರ್ಟ್ಸ್‌ಗೆಂದು ಮಾಡಿದ ವಾದ್ಯವನ್ನು ನಮ್ಮ 50 ಹರ್ಟ್ಸ್‌ಗೆ ಹಾಗೆಯೇ ಜೋಡಿಸಿದರೆ ಸ ಒತ್ತಿದಾಗ ಕೆಳಗಿನ ಶುದ್ಧ ಧೈವತ ನುಡಿಯುತ್ತದೆ! ಸಾಫ್ಟ್‌ವೇರಿನಲ್ಲಿ ನಮಗೆ ಆ ಕಷ್ಟವಿಲ್ಲ.

ನಾದದ ಬಣ್ಣ ಬದಲಿಸುವುದು ಡ್ರಾಬಾರ್ ಎಂಬ, ಎಳೆದು ತಳ್ಳುವ ಒಂಬತ್ತು ಸರಳುಗಳು. ಒಂದೊಂದನ್ನೂ 0ಯಿಂದ 8ರವರೆಗೆ ಎಳೆಯಬಹುದು. 888000000 ಎಂದು ಬರೆದಿದ್ದರೆ ಮೊದಲ ಮೂರು ಪೂರ್ತಿ ಹೊರಗೆ, ಉಳಿದವು ಒಳಗೆ ಎಂದರ್ಥ. ಕಲಿಯಲು ಇಲ್ಲಿಂದಲೇ ಶುರು ಮಾಡಿ. ಇವನ್ನು ಮೌಸಿನಿಂದ ಎಳೆಯುತ್ತ ಕೂತರೆ ಆರ್ಗನ್ ಕೈಗೆ ಹತ್ತುವುದಿಲ್ಲ. ಕೀಬೋರ್ಡಿನ ಸ್ಲೈಡರ್‌ಗಳಿಗೆ ಸುಲಭವಾಗಿ ಜೋಡಿಸಲು ಬರುತ್ತದೆಯೇ ಎಂಬುದು ನನ್ನ ಮಟ್ಟಿಗೆ ಬೆಲೆಗಿಂತ ದೊಡ್ಡ ಪ್ರಶ್ನೆ.

ಆಮೇಲೆ ಎರಡು ಪರೀಕ್ಷೆ. ಪರ್ಕಶನ್ ಗುಂಡಿ ಒತ್ತಿ, ಬೆರಳೆತ್ತದೆ ಸ್ವರದಿಂದ ಸ್ವರಕ್ಕೆ ಜಾರಿ. ಮೊದಲ ಸ್ವರಕ್ಕೆ ಮಾತ್ರ ಟಕ್ ಎಂಬ ಪೆಟ್ಟು ಬರಬೇಕು. ಎಲ್ಲ ಬೆರಳುಗಳನ್ನೂ ಎತ್ತಿದ ಮೇಲಷ್ಟೇ ಅದು ಮತ್ತೆ ಬರಬೇಕು. ಇನ್ನೊಂದು, ಪರ್ಕಶನ್ ಆಫ್ ಮಾಡಿ, ಕೊನೆಯ ಡ್ರಾಬಾರ್ ಒಂದನ್ನೇ ಎಳೆದು ಮೇಲಿನ ಸಪ್ತಕದವರೆಗೆ ಏರಿ. ನಿಜವಾದ ವಾದ್ಯದಲ್ಲಿ ಅಷ್ಟು ಎತ್ತರಕ್ಕೆ ಚಕ್ರಗಳೇ ಇಲ್ಲವಾದ್ದರಿಂದ ಸ್ವರ ಒಂದು ಸಪ್ತಕ ಕೆಳಕ್ಕೆ ಮಡಚಿಕೊಳ್ಳುತ್ತದೆ. ನೀವು ನೋಡುತ್ತಿರುವ ಸಾಫ್ಟ್‌ವೇರ್ ಚೀರುತ್ತ ಮೇಲೇರುತ್ತಲೇ ಹೋದರೆ ಅದನ್ನು ಮಾಡಿದವರು ಹ್ಯಾಮಂಡನ್ನು ಸರಿಯಾಗಿ ಕೇಳಿಲ್ಲ.

ಅಸಲು ಗುಟ್ಟಿರುವುದು ಲೆಸ್ಲಿ ಸ್ಪೀಕರಿನಲ್ಲಿ. ಆ ಮರದ ಪೆಟ್ಟಿಗೆಯಲ್ಲಿ ತಾರ ಸ್ವರಗಳಿಗೆ ತಿರುಗುವ ಕಹಳೆ, ಮಂದ್ರಕ್ಕೆ ತಿರುಗುವ ಡ್ರಮ್. ಕಾಣುವುದು ಎರಡು ಕಹಳೆಗಳಾದರೂ ನಾದ ಬರುವುದು ಒಂದರಿಂದ ಮಾತ್ರ, ಇನ್ನೊಂದು ತೂಕ ಸರಿದೂಗಿಸಲು. ನಿಧಾನದಿಂದ ವೇಗಕ್ಕೆ ಬದಲಿಸಿದಾಗ ಹಗುರವಾದ ಕಹಳೆ ಬೇಗ ವೇಗ ಹಿಡಿಯುತ್ತದೆ, ಭಾರದ ಡ್ರಮ್ ಹಿಂದಿನಿಂದ ಏದುತ್ತ ಬಂದು ಸೇರುತ್ತದೆ. ಈ ನಡುವಿನ ಕೆಲವು ಸೆಕೆಂಡುಗಳಿಗಾಗಿಯೇ ನಾನು ಆರ್ಗನ್ ನುಡಿಸುತ್ತೇನೆ ಎಂದರೂ ತಪ್ಪಿಲ್ಲ. ಸ-ಗ-ಪ ಹಿಡಿದುಕೊಂಡೇ ವೇಗ ಬದಲಿಸಿ ನೋಡಿ. ಮಂದ್ರವೂ ತಾರವೂ ಒಟ್ಟಿಗೇ ಹಾರಿದರೆ ಅಥವಾ ಬರೀ ಎಡಬಲ ತೂಗಿದಂತೆ ಕೇಳಿದರೆ ಅದನ್ನು ಬಿಟ್ಟುಬಿಡಿ.

ದುಡ್ಡು ಹಾಕುವ ಮೊದಲು ಸೆಟ್‌ಬಿಫ್ರೀ ಎಂಬ ಮುಕ್ತ ತಂತ್ರಾಂಶದಲ್ಲಿ ಕೈ ಪಳಗಿಸಿಕೊಳ್ಳಿ. ನೋಟಕ್ಕೆ ಸಾದಾ, ಆದರೆ ನಾದಕ್ಕೆ ಪ್ರಾಮಾಣಿಕ. ಮ್ಯಾಕ್‌ನಲ್ಲಿ ಲಾಜಿಕ್ ಪ್ರೊ ಎಂಬ ಧ್ವನಿಮುದ್ರಣ ತಂತ್ರಾಂಶ ಬಳಸುವವರಿಗೆ ವಿಂಟೇಜ್ ಬಿ3 ಎಂಬ ಆರ್ಗನ್ ಅದರೊಳಗೇ ಇರುತ್ತದೆ, ಬೇರೆ ಕೊಳ್ಳುವ ಅವಸರ ಬೇಡ. ಕೊಳ್ಳುವವರು ಜಿಎಸ್‌ಐನ ವಿಬಿ3, ಹ್ಯಾಮಂಡ್ ಕಂಪನಿಯ ಜೊತೆಗೂಡಿ ಐಕೆ ಮಲ್ಟಿಮೀಡಿಯಾ ಮಾಡಿದ ಬಿ-3ಎಕ್ಸ್, ಆರ್ಟೂರಿಯಾದ ಬಿ-3 ವಿ ಇವುಗಳನ್ನು ಒಂದೇ ಹಾಡಿನಲ್ಲಿ ಇಟ್ಟು ಕೇಳಿ. ನನ್ನ ಕೈ ಹೋಗುವುದು ವಿಬಿ3 ಕಡೆಗೆ. ಹಳೆಯ ಲ್ಯಾಪ್‌ಟಾಪಿಗೂ ಅದು ಭಾರವಾಗಲಿಲ್ಲ.

ಕೊಳವೆ ಆರ್ಗನ್ನಿನ ಲೆಕ್ಕವೇ ಬೇರೆ. ಅದರ ತಂತ್ರಾಂಶಗಳಲ್ಲಿ ಗ್ರ್ಯಾಂಡ್‌ಆರ್ಗ್ ಉಚಿತ, ಹಾಪ್ಟ್‌ವೆರ್ಕ್ ಹಣದ್ದು. ಎರಡರಲ್ಲೂ ಯಾವುದೋ ಊರಿನ ಚರ್ಚಿನ ಕೊಳವೆಗಳನ್ನು ಒಂದೊಂದಾಗಿ ಧ್ವನಿಮುದ್ರಿಸಿದ ಸಂಗ್ರಹಗಳನ್ನು ತುಂಬಿಕೊಳ್ಳಬೇಕು. ರ‍್ಯಾಮ್ ಎಷ್ಟು ಬೇಕೆಂದು ಓದಿಯೇ ಇಳಿಸಿಕೊಳ್ಳಿ. ಇಲ್ಲಿ ಒತ್ತಿ ಹಿಡಿಯುವುದಷ್ಟೇ ಸಾಲದು, ಕೈ ಎತ್ತಿದ ಮೇಲೂ ಕೇಳಬೇಕು. ಚಿಕ್ಕದಾಗಿ ತಟ್ಟಿ ಬಿಟ್ಟಾಗಿನ ಪ್ರತಿಧ್ವನಿಗೂ ಹಿಡಿದು ಬಿಟ್ಟಾಗಿನದಕ್ಕೂ ವ್ಯತ್ಯಾಸ ಕೇಳಿಸಿದರೆ ಆ ಸಂಗ್ರಹವನ್ನು ಶ್ರದ್ಧೆಯಿಂದ ಮಾಡಿದ್ದಾರೆ ಎಂದು ತಿಳಿಯಿರಿ. ಜಾಗವೇ ಇಲ್ಲದವರಿಗೆ ಮೊಡಾರ್ಟ್ ಕಂಪನಿಯ ಆರ್ಗನ್‌ಟೆಕ್ ಇದೆ. ಅದು ಕೊಳವೆಯ ನಾದವನ್ನು ಲೆಕ್ಕಹಾಕಿ ಹುಟ್ಟಿಸುವುದರಿಂದ ಡಿಸ್ಕಿನಲ್ಲಿ ಹೆಚ್ಚು ಜಾಗ ತಿನ್ನುವುದಿಲ್ಲ.

ರೀಡಿನ ಆರ್ಗನ್ ಮತ್ತು ಹಾರ್ಮೋನಿಯಂ ಬಗ್ಗೆ ನನ್ನ ಸಲಹೆ ಚಿಕ್ಕದು: ಮನೆಯಲ್ಲಿ ಪೇಟಿ ಇದ್ದರೆ ಅದರ ಮುಂದೆ ಮೈಕ್ ಇಡಿ. ತಿದಿಯ ಒತ್ತಡದ ಏರಿಳಿತ ನನಗೆ ಯಾವ ಸಾಫ್ಟ್‌ವೇರಿನಲ್ಲೂ ತೃಪ್ತಿಯಾಗುವಷ್ಟು ಸಿಕ್ಕಿಲ್ಲ.

ಆರಿಸಿದ ಮೇಲೆ ಕೀಬೋರ್ಡಿನ ಕಡೆ ಗಮನ ಕೊಡಿ. ಆರ್ಗನ್ನಿಗೆ ಬೆರಳಿನ ಪೆಟ್ಟು ಮೆದುವೋ ಜೋರೋ ಎಂಬುದು ಲೆಕ್ಕಕ್ಕಿಲ್ಲ. ಜೋರು ಮೆದು ಎಲ್ಲವೂ ಕಾಲಿನ ಎಕ್ಸ್‌ಪ್ರೆಶನ್ ಪೆಡಲಿನಿಂದಲೇ, ಹಾಗಾಗಿ ಆ ಪೆಡಲಿಗೆ ಹಣ ತೆಗೆದಿಡಿ. ಪಿಯಾನೊದಂಥ ಭಾರದ ಕೀಗಳ ಮೇಲೆ ಅಂಗೈ ಜಾರಿಸಿದರೆ ಕೈ ನೋಯುತ್ತದೆ, ಹಗುರವಾದ ಕೀಗಳೇ ಒಳ್ಳೆಯದು. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ನಾದದ ತುಣುಕು, 128 ಸ್ಯಾಂಪಲ್‌ಗೆ ಇಡಿ. 48 ಕಿಲೊಹರ್ಟ್ಸ್‌ನಲ್ಲಿ ಅದರಿಂದಾಗುವ ತಡ ಮೂರು ಮಿಲಿಸೆಕೆಂಡಿಗಿಂತ ಕಡಿಮೆ. 512ಕ್ಕೆ ಹೋದರೆ ಹತ್ತನ್ನು ದಾಟುತ್ತದೆ, ತಬಲಾದ ಜೊತೆ ನುಡಿಸುವಾಗ ಬೆರಳು ಹಿಂದೆ ಬಿದ್ದಂತೆ ಅನ್ನಿಸುತ್ತದೆ.

ಹಾಡಿನೊಳಗೆ ಕೂರಿಸುವಾಗ ಮೊದಲ ಡ್ರಾಬಾರನ್ನು ಅರ್ಧ ಒಳಗೆ ತಳ್ಳಿ, ಬೇಸ್ ಗಿಟಾರಿಗೆ ಜಾಗ ಸಿಗುತ್ತದೆ. ಗಾಯಕಿ ಪಲ್ಲವಿ ಹಾಡುವಾಗ ಲೆಸ್ಲಿ ನಿಧಾನದಲ್ಲಿರಲಿ. ಚರಣದ ಕೊನೆಯ ಸಾಲಿನಲ್ಲಿ ಎಡಗೈಯಿಂದ ನೀವೇ ವೇಗಕ್ಕೆ ಬದಲಿಸಿ, ಅದನ್ನು ಸ್ವರಗಳ ಜೊತೆಗೇ ಮುದ್ರಿಸಿಕೊಳ್ಳಿ. ಆಮೇಲೆ ಪರದೆಯ ಮೇಲೆ ಗೆರೆ ಎಳೆದು ಸೇರಿಸಿದ ಬದಲಾವಣೆ ಯಾವಾಗಲೂ ಒಂದು ಮಾತ್ರೆ ತಡವಾಗಿಯೋ ಮುಂಚೆಯೋ ಬರುತ್ತದೆ.