ಹೊಳೆಯ ಜಾಡಿನಲ್ಲಿ ಸೈಕಲ್: ಶಿವಮೊಗ್ಗದಿಂದ ತೀರ್ಥಹಳ್ಳಿಗೆ

ಮಲೆನಾಡು ಎಂದರೆ ಬರೀ ಘಾಟಿ, ಸೈಕಲ್ಲಿಗೆ ಆಗಿಬರುವ ಸೀಮೆಯಲ್ಲ ಎನ್ನುವವರಿದ್ದಾರೆ. ಅದು ಅರ್ಧ ಮಾತ್ರ ನಿಜ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸುಮಾರು 60 ಕಿ.ಮೀ. ದೂರದ ತೀರ್ಥಹಳ್ಳಿ ಸುಮಾರು 590 ಮೀಟರ್. ಅಷ್ಟು ದೂರಕ್ಕೆ ಏರಿದ್ದು ಇಪ್ಪತ್ತೇ ಮೀಟರ್! ರಸ್ತೆ ತುಂಗೆಯ ಜೊತೆ ಸಾಗುವುದೇ ಇದಕ್ಕೆ ಕಾರಣ. ಇಲ್ಲಿ ಹೊಳೆಯ ಪಕ್ಕದ ದಾರಿ ಸಲೀಸು, ಒಂದು ಹೊಳೆಯ ಸೀಮೆಯಿಂದ ಇನ್ನೊಂದರ ಸೀಮೆಗೆ ದಾಟುವ ದಾರಿ ಕಷ್ಟ. ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೊರಟರೆ ತುಂಗೆಯನ್ನು ಬಿಟ್ಟು ಶರಾವತಿಯ ಕಡೆ ಇಳಿಯಬೇಕು. ಒಂದು ಪೂರ್ವಕ್ಕೆ ಹರಿಯುವ ನೀರು, ಇನ್ನೊಂದು ಪಶ್ಚಿಮಕ್ಕೆ. ನಡುವಿನ ಗುಡ್ಡ ದಾಟುವ ಕೆಲಸ ನಿಮ್ಮ ಮೊಣಕಾಲಿನದು. ಆದ್ದರಿಂದ ದೂರ ಲೆಕ್ಕ ಹಾಕುವ ಮೊದಲು ನಕ್ಷೆಯಲ್ಲಿ ನೀರು ಯಾವ ಕಡೆ ಹರಿಯುತ್ತದೆ ಎಂದು ನೋಡಿಕೊಳ್ಳಿ.

ಹಾಗೆಂದು ತೀರ್ಥಹಳ್ಳಿ ದಾರಿ ಚಪ್ಪಟೆಯೂ ಅಲ್ಲ. ತುಂಗೆಗೆ ಸೇರುವ ಒಂದೊಂದು ಹಳ್ಳಕ್ಕೂ ರಸ್ತೆ ಇಳಿದು, ಸೇತುವೆ ದಾಟಿ, ಮತ್ತೆ ಏರುತ್ತದೆ. ದಣಿವು ಬರುವುದು ಇಂಥ ಸಣ್ಣ ಏರುಗಳಿಂದಲೇ.

ಯಾವಾಗ ಹೊರಡಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ. ನವೆಂಬರ್ ಎಲ್ಲಕ್ಕಿಂತ ಒಳ್ಳೆಯದು: ಹಳ್ಳಗಳಲ್ಲಿ ನೀರಿರುತ್ತದೆ, ರಸ್ತೆ ಒಣಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಿಂತ ದೊಡ್ಡ ತೊಂದರೆ ಎಂದರೆ ನೀರು ತುಂಬಿ ಕಾಣದಂತಾದ ಗುಂಡಿಗಳು ಮತ್ತು ಎದುರಿನ ವಾಹನದ ಚಾಲಕನಿಗೆ ನೀವು ಕಾಣಿಸದಿರುವುದು. ಮಾರ್ಚ್ ನಂತರ ಬಿಸಿಲು.

ಸೈಕಲ್ ಸಿದ್ಧತೆ

ದುಬಾರಿ ಸೈಕಲ್ ಬೇಕಿಲ್ಲ, ಗೇರ್ ಮಾತ್ರ ಹಗುರವಾಗಿರಬೇಕು. ಚೈನು ಕೂರುವ ಹಲ್ಲುಚಕ್ರಗಳಲ್ಲಿ ಮುಂದಿನ ಸಣ್ಣದಕ್ಕೂ ಹಿಂದಿನ ದೊಡ್ಡದಕ್ಕೂ ಹಲ್ಲಿನ ಲೆಕ್ಕ ಸಮ ಇದ್ದರೆ (34ಕ್ಕೆ 34) ಈ ದಾರಿಯ ಯಾವ ಏರಿಗೂ ಸಾಕು. ಗೇರಿಲ್ಲದ ಹಳೆಯ ಕಪ್ಪು ಸೈಕಲ್ಲಾದರೆ ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆಸಿ 22ರದ್ದು ಹಾಕಿಸಿ. ಚೈನಿಗೆ ಒಂದು ಇಂಚು ಜೋಡಿಸಬೇಕಾಗಬಹುದು. ಸಮತಟ್ಟಿನಲ್ಲಿ ವೇಗ ತಗ್ಗುತ್ತದೆ. ಈ ದಾರಿಗೆ ವೇಗವೇನೂ ಬೇಕಾಗಿಲ್ಲ.

ಟೈರು 35ರಿಂದ 40 ಮಿ.ಮೀ. ಅಗಲದ್ದಿರಲಿ. ಹಿಂದೆ ಸಾಮಾನು ಹೇರಿದಾಗ ಹಿಂದಿನ ಟೈರಿಗೆ 55, ಮುಂದಿನದಕ್ಕೆ 45 ಪಿಎಸ್‌ಐ ಗಾಳಿ. ಕಲ್ಲಿನಂತೆ ಬಿಗಿಯಾಗಿ ಗಾಳಿ ತುಂಬಿದರೆ ಡಾಂಬರು ಕಿತ್ತ ಕಡೆ ಕೈ ಜೋಮು ಹಿಡಿಯುತ್ತದೆ. ತೀರಾ ಕಡಿಮೆಯಾದರೆ ಗುಂಡಿಯ ಅಂಚು ತಗುಲಿ ಟ್ಯೂಬಿಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ.

ಇಲ್ಲಿನ ಪಂಚರ್‌ಗಳಲ್ಲಿ ಹೆಚ್ಚು ಕಾಡುವುದು ಬಿದಿರುಮುಳ್ಳಿನದು. ಮುಳ್ಳು ಟೈರಿನೊಳಗೇ ಮುರಿದು ಉಳಿಯುವುದರಿಂದ, ಟ್ಯೂಬು ಬದಲಿಸಿ ಹತ್ತು ನಿಮಿಷಕ್ಕೆ ಮತ್ತೆ ಗಾಳಿ ಹೋಗುತ್ತದೆ. ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಭಾಗವನ್ನು ಹಳೆಯ ಬಟ್ಟೆಯಿಂದ ಒಂದು ಸುತ್ತು ಒರೆಸಿ. ನೂಲು ಸಿಕ್ಕಿಕೊಂಡ ಕಡೆ ಮುಳ್ಳಿದೆ ಎಂದರ್ಥ. ಬೆರಳಾಡಿಸಿ ಹುಡುಕಿದರೆ ಅದು ಬೆರಳಿಗೇ ಚುಚ್ಚುತ್ತದೆ.

ಜೊತೆಗೆ ಇರಬೇಕಾದವು: ಎರಡು ಟ್ಯೂಬು, ಪ್ಯಾಚ್, ಎರಡು ಟೈರ್ ಲಿವರ್, ಪಂಪು, 4, 5 ಮತ್ತು 6 ಮಿ.ಮೀ. ಅಲೆನ್ ಕೀ, ಚೈನ್ ಕತ್ತರಿಸುವ ಉಪಕರಣ, ಒಂದು ಜೊತೆ ಬ್ರೇಕ್ ಪ್ಯಾಡ್, ನಾಲ್ಕಾರು ಪ್ಲಾಸ್ಟಿಕ್ ಟೈ, ಕ್ಯಾರಿಯರ್‌ನ ಎರಡು ಹೆಚ್ಚುವರಿ ಬೋಲ್ಟು. ಕ್ಯಾರಿಯರ್ ಬೋಲ್ಟು ಕಂಪನಕ್ಕೆ ತಾನಾಗಿಯೇ ಸಡಿಲವಾಗುತ್ತದೆ. ಒಂದು ಬಿದ್ದುಹೋದರೆ ಭಾರವೆಲ್ಲ ಇನ್ನೊಂದರ ಮೇಲೆ ಬಿದ್ದು ಅದೂ ತುಂಡಾಗುತ್ತದೆ. ದಿನಕ್ಕೊಮ್ಮೆ ಬಿಗಿ ಮಾಡಿ.

ಚೈನಿಗೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ಬಿಡಿ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಿಗ್ಗೆ ಇಲ್ಲಿ ಅದಕ್ಕಿಂತ ಸಾಕಷ್ಟು ಚಳಿ ಇರುತ್ತದೆ. ಅಂಗಡಿಯಲ್ಲಿ ಸಿಗುವ ಚೈನ್ ಎಣ್ಣೆಯನ್ನು ಕೊಂಡಿಗೊಂದು ತೊಟ್ಟಿನಂತೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ. ಒರೆಸದಿದ್ದರೆ ಕೆಮ್ಮಣ್ಣು ಅಂಟಿಕೊಂಡು ಹಲ್ಲುಗಳನ್ನು ಸವೆಸುತ್ತದೆ. ರಿಮ್ ಬ್ರೇಕಿಗೂ ಕೆಮ್ಮಣ್ಣು ಆಗದು. ಸಂಜೆ ಒದ್ದೆ ಬಟ್ಟೆಯಲ್ಲಿ ರಿಮ್ ಒರೆಸಿ. ಅಕಾಲ ಮಳೆ ಸಿಕ್ಕಿದರೆ ಇಳಿಜಾರು ಶುರುವಾಗುವ ಮೊದಲೇ ಬ್ರೇಕ್ ಮೆಲ್ಲಗೆ ಒತ್ತುತ್ತ ಹೋಗಿ. ಒದ್ದೆ ರಿಮ್ಮಿನ ನೀರು ಹೋಗುವವರೆಗೆ ಹಿಡಿತ ಸಿಗುವುದಿಲ್ಲ.

ಸಾಮಾನು 8 ಕೆ.ಜಿ. ದಾಟದಿರಲಿ. ಬೆನ್ನಿಗೆ ಬೇಡ, ಕ್ಯಾರಿಯರ್‌ನ ಎರಡೂ ಬದಿಗೆ ಸಮನಾಗಿ ತೂಗುಹಾಕಿ, ಭಾರದ್ದು ಕೆಳಗಿರಲಿ. ಪೆಡಲ್ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗುತ್ತದೆಯೇ ಎಂದು ಮನೆಯಲ್ಲೇ ನೋಡಿ. ಬಟ್ಟೆ ಒದ್ದೆಯಾಗದಂತೆ ಕಾಯಲು ಗೊಬ್ಬರದ ಚೀಲದ ಒಳಪದರ ಸಾಕು, ತೊಳೆದಿರಬೇಕಷ್ಟೇ.

ಮೊದಲು ಕೂಡ್ಲಿಗೆ

ಸಾಮಾನು ಹೇರಿದ ಸೈಕಲ್ ತಿರುವಿನಲ್ಲಿ ಬೇರೆ ರೀತಿ ವರ್ತಿಸುತ್ತದೆ. ಅದು ಅಭ್ಯಾಸವಾಗಲು ವಾರ ಮುಂಚೆ ಹೊಳೆಹೊನ್ನೂರು ರಸ್ತೆಯಲ್ಲಿ ಕೂಡ್ಲಿಯವರೆಗೆ ಹೋಗಿ ಬನ್ನಿ. ತುಂಗೆ ಭದ್ರೆ ಎರಡೂ ಕೂಡುವ ಜಾಗ, ಒಂದು ಕಡೆಗೆ ಸುಮಾರು 15 ಕಿ.ಮೀ. ಗದ್ದೆ ತೋಟಗಳ ನಡುವಿನ ದಾರಿ. ಮಂಡಿಯ ಮುಂಭಾಗ ನೋವಾದರೆ ಸೀಟು ತಗ್ಗಿದೆ, ಹಿಂಭಾಗ ಎಳೆದರೆ ಎತ್ತರವಾಗಿದೆ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟಾಗ, ಪೆಡಲ್ ತೀರಾ ಕೆಳಗಿದ್ದರೆ, ಕಾಲು ನೇರವಾಗಬೇಕು.

ತೀರ್ಥಹಳ್ಳಿ ದಾರಿ

ಬೆಳಿಗ್ಗೆ ಆರೂವರೆಗೆ ಹೊರಡಿ. ಗಾಜನೂರು ಸುಮಾರು 12 ಕಿ.ಮೀ., ಅದರಾಚೆ ಅಲ್ಲಿನ ತುಂಗಾ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಸಕ್ರೆಬೈಲು ಆನೆ ಬಿಡಾರ. ಆನೆಗಳು ಹಿನ್ನೀರಿನಲ್ಲಿ ಸ್ನಾನ ಮಾಡುವುದು ಬೆಳಗಿನ ಹೊತ್ತು, ಹಾಗಾಗಿ ಸಮಯ ಸರಿಹೋಗುತ್ತದೆ. ಮುಂದೆ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು. ಸುಮಾರು 30 ಕಿ.ಮೀ.ಗೆ ಮಂಡಗದ್ದೆ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಬಾಯಿಕಳಕ ಕೊಕ್ಕರೆಗಳು ಗೂಡು ಕಟ್ಟುವ ತಾಣ. ಆದರೆ ಗೂಡಿನ ಕಾಲ ಮಳೆಗಾಲ. ಡಿಸೆಂಬರಿನಲ್ಲಿ ಹೋಗಿ ಹಕ್ಕಿಯೇ ಇಲ್ಲವಲ್ಲ ಎಂದು ಮುಖ ಸಣ್ಣ ಮಾಡಿದರೆ ಹಕ್ಕಿಗಳ ತಪ್ಪಲ್ಲ.

ಇಲ್ಲಿ ತಿಂಡಿ ಮುಗಿಸಿ, ಎರಡು ಲೀಟರ್ ನೀರು ತುಂಬಿಸಿಕೊಳ್ಳಿ. ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಗಾದೆಯನ್ನು ನಂಬಿ ಹೊಳೆಗೇ ಬಾಟಲಿ ಅದ್ದಬೇಡಿ. ಹಸಿವಾಗುವವರೆಗೆ ಕಾಯದೆ ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣೋ ಕಡಲೆ ಬೆಲ್ಲವೋ ಬಾಯಿಗೆ ಬೀಳಲಿ. ಗಂಟೆಗೆ 12ರಿಂದ 14 ಕಿ.ಮೀ. ಸಾಕು, ನಿಂತು ನೋಡಿ ಹೋದರೂ ಮಧ್ಯಾಹ್ನ ಎರಡೂವರೆ ಒಳಗೆ ತೀರ್ಥಹಳ್ಳಿ ಮುಟ್ಟುತ್ತೀರಿ. ಹಳ್ಳಕ್ಕೆ ಇಳಿಯುವಾಗ, ಸೇತುವೆಗೆ ಮೊದಲೇ ಗೇರ್ ತಗ್ಗಿಸಿ. ಏರಿನ ನಡುವೆ ಪೆಡಲ್ ಮೇಲೆ ಪೂರ್ತಿ ಭಾರ ಹಾಕಿ ಗೇರ್ ಬದಲಿಸಿದರೆ ಚೈನು ಬೀಳುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ.

ಇದು ಹೆದ್ದಾರಿ ಎಂಬುದು ನೆನಪಿರಲಿ. ತಿರುವುಗಳಲ್ಲಿ ಬಸ್ಸುಗಳು ವೇಗ ತಗ್ಗಿಸುವುದು ಅಪರೂಪ. ಹಿಂದಿನಿಂದ ಉದ್ದ ಹಾರನ್ ಕೇಳಿದರೆ ವಾದಕ್ಕೆ ನಿಲ್ಲದೆ ಡಾಂಬರು ಬಿಟ್ಟು ಇಳಿಯಿರಿ. ಹಗಲಲ್ಲೂ ಹಿಂದೆ ಕೆಂಪು ದೀಪ ಮಿನುಗಲಿ, ಏಕೆಂದರೆ ಮರದ ನೆರಳಿನಲ್ಲಿ ಸೈಕಲ್ ಸವಾರ ಕಾಣುವುದಿಲ್ಲ.

ಕಾಡಿನ ಶಿಸ್ತು

ಸಂಜೆ ನಾಲ್ಕರ ನಂತರ ಕಾಡಿನ ರಸ್ತೆಯಲ್ಲಿರಬೇಡಿ. ಅಭಯಾರಣ್ಯದ ಒಳದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಳಿಯುವಂತಿಲ್ಲ, ಫೋನಿನ ನಕ್ಷೆ ಎಷ್ಟೇ ಹತ್ತಿರದ ದಾರಿ ತೋರಿಸಲಿ. ಆನೆಯೋ ಕಾಟಿಯೋ (ಕಾಡುಕೋಣ) ರಸ್ತೆಯಲ್ಲಿದ್ದರೆ ದೂರದಲ್ಲೇ ನಿಂತು, ಬೆಲ್ ಹೊಡೆಯದೆ, ಬಸ್ಸೋ ಲಾರಿಯೋ ಬರುವವರೆಗೆ ಕಾಯಿರಿ.

ಉಂಬಳಕ್ಕೆ (ಜಿಗಣೆಗೆ) ಹೆದರುವವರು ಹೆಚ್ಚು, ಹೆದರಬೇಕಾದದ್ದು ಉಣ್ಣೆಗೆ, ಅಂದರೆ ರಕ್ತ ಹೀರುವ ಉಣುಗಿಗೆ. ಉಂಬಳ ಹತ್ತಿದರೆ ಉಗುರಿನಿಂದ ಸರಿಸಿ, ತೊಳೆದರೆ ಮುಗಿಯಿತು. ಉಣ್ಣೆ ಮಾತ್ರ ಮಂಗನ ಕಾಯಿಲೆ ಹರಡುತ್ತದೆ. ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಕಾಯಿಲೆಯಿದು. ಡಿಸೆಂಬರಿನಿಂದ ಮೇವರೆಗೆ ಇದರ ಕಾಟ ಹೆಚ್ಚು, ಅಂದರೆ ಸವಾರಿಗೆ ಹಿತವಾದ ತಿಂಗಳುಗಳೂ ಅದರಲ್ಲಿ ಸೇರಿವೆ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಸೈಕಲ್ಲನ್ನೂ ತರಗಿನಲ್ಲಿ ಮಲಗಿಸಬೇಡಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ. ಸಂಜೆ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಮನೆಗೆ ಮರಳಿದ ಮೇಲೆ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಹೊಳೆಗೆ ಇಳಿಯುವಾಗ ಪಾಚಿಗಟ್ಟಿದ ಬಂಡೆ ನೋಡಿಕೊಳ್ಳಿ. ಮೇಲೆ ಶಾಂತವಾಗಿ ಕಾಣುವ ಕಡೆಯೇ ಮಡು ಇರುತ್ತದೆ. ಊರಿನವರು ಎಲ್ಲಿ ಮೀಯುತ್ತಾರೋ ಅಲ್ಲಿ ಮಾತ್ರ ಮೀಯಿರಿ.

ಎರಡನೆಯ ದಿನ ಮತ್ತು ವಾಪಸು

ಸಾಮಾನನ್ನು ತೀರ್ಥಹಳ್ಳಿಯ ಕೋಣೆಯಲ್ಲೇ ಬಿಟ್ಟು ಕೊಪ್ಪ ರಸ್ತೆಯ ಕುಪ್ಪಳಿಗೆ, ಕುವೆಂಪು ಅವರ ಊರಿಗೆ, ಹೋಗಿ ಬನ್ನಿ. ಏರಿಳಿತ ಹೆಚ್ಚು, ಆದರೆ ಖಾಲಿ ಸೈಕಲ್ಲಿಗೆ ತ್ರಾಸವಿಲ್ಲ. ಆಗುಂಬೆಯ ಸೂರ್ಯಾಸ್ತದ ಆಸೆ ಈ ಪ್ರವಾಸಕ್ಕೆ ಬೇಡ: ಮುಳುಗುವ ಸೂರ್ಯನನ್ನು ನೋಡಿದರೆ ಕತ್ತಲಲ್ಲಿ ಕಾಡಿನ ದಾರಿ ಹಿಡಿಯಬೇಕಾಗುತ್ತದೆ.

ಮೂರನೆಯ ದಿನ ಬಂದ ದಾರಿಯಲ್ಲೇ ಶಿವಮೊಗ್ಗಕ್ಕೆ. ಕಾಲು ಕೈಕೊಟ್ಟರೆ ತೀರ್ಥಹಳ್ಳಿಗೆ ರೈಲಿಲ್ಲ, ಬಸ್ಸೇ ಗತಿ. ಮೇಲೆ ಕ್ಯಾರಿಯರ್ ಇರುವ ಬಸ್ಸು ನೋಡಿ, ಸೈಕಲ್ಲಿಗೆ ಎಷ್ಟು ಎಂದು ಕಂಡಕ್ಟರ್ ಬಳಿ ಮೊದಲೇ ಮಾತಾಡಿ. ಡಿರೇಲರ್ (ಗೇರ್ ಬದಲಿಸಲು ಚೈನನ್ನು ಸರಿಸುವ ಭಾಗ) ಇರುವ ಬಲಬದಿ ಮೇಲೆ ಬರುವಂತೆ ಮಲಗಿಸಿ, ಫ್ರೇಮಿಗೆ ಹಗ್ಗ ಬಿಗಿಯಿರಿ, ಚಕ್ರಕ್ಕಲ್ಲ. ಶಿವಮೊಗ್ಗದಿಂದ ಮುಂದೆ ರೈಲಿನಲ್ಲಿ ಒಯ್ಯುವುದಾದರೆ ಪಾರ್ಸೆಲ್ ಕಚೇರಿಗೆ ಒಂದು ಗಂಟೆ ಮೊದಲೇ ಹೋಗಿ. ಹೆಸರು, ಫೋನ್ ನಂಬರು, ಇಳಿಸುವ ನಿಲ್ದಾಣ ಬರೆದ ರಟ್ಟನ್ನು ಫ್ರೇಮಿಗೆ ಎರಡು ಕಡೆ ಕಟ್ಟಿ. ಪಂಪು, ದೀಪ, ಬಾಟಲಿ ಬಿಚ್ಚಿ ಕೈಚೀಲಕ್ಕೆ ಹಾಕಿಕೊಳ್ಳಿ.