ಸರ್ವರ್ ಕೋಣೆಯಲ್ಲಿ ಸ್ವೆಟರ್ ಯಾಕೆ?

ಮೇ ತಿಂಗಳ ಕಲಬುರಗಿ, ಹೊರಗೆ 43 ಡಿಗ್ರಿ. ಒಂದು ಕಂಪನಿಯ ಡೇಟಾ ಸೆಂಟರ್ ಬಾಗಿಲು ತೆರೆದರೆ ಒಳಗಿನ ಹುಡುಗ ಸ್ವೆಟರ್ ಹಾಕಿಕೊಂಡು ಕೂತಿದ್ದಾನೆ! ಮೂರೂ ಎಸಿ 16ಕ್ಕೆ. ಆದರೂ ಸರ್ವರ್ ಜೋಡಿಸಿಟ್ಟ ಕಪಾಟಿನ, ಅಂದರೆ ರ‍್ಯಾಕಿನ ಮೇಲ್ತುದಿಯ ಸರ್ವರ್ ಬಿಸಿಯೆಂದು ಕೂಗುತ್ತಿತ್ತು. ‘ಇನ್ನೊಂದ್ ಎಸಿ ಕೂಡಿಸ್ಬೇಕ್ರಿ ಸರ, ಈ ಬಿಸಲಿಗಿ ಸಾಲವಲ್ವು’ ಎಂದ. ಪಾಪ, ಬಿಸಿಲಿನ ತಪ್ಪೇನೂ ಇರಲಿಲ್ಲ. ತಂಪು ಸೇರಬೇಕಾದಲ್ಲಿಗೆ ಸೇರುತ್ತಿರಲಿಲ್ಲ, ಅಷ್ಟೇ. ಹೊಸ ಎಸಿ ಕೂಡಿಸದೆ ಡೇಟಾ ಸೆಂಟರಿನ ಕರೆಂಟ್ ಉಳಿಸುವ ಆರು ಹಂತ ಇಲ್ಲಿವೆ.

ಹಂತ 1: ಅಳೆಯಿರಿ. ತಿಂಗಳಿಗೆ ಇಡೀ ಸೆಂಟರ್ 12,000 ಯೂನಿಟ್ ತಿಂದು, ಸರ್ವರ್ ಮತ್ತಿತರ ಐಟಿ ಉಪಕರಣಗಳಿಗೆ 6,000 ಮಾತ್ರ ಹೋಗಿದ್ದರೆ ನಿಮ್ಮ ಪಿಯುಇ (ಒಟ್ಟು ಕರೆಂಟನ್ನು ಐಟಿ ಉಪಕರಣಗಳ ಕರೆಂಟಿನಿಂದ ಭಾಗಿಸಿದರೆ ಬರುವ ಅಂಕಿ) 2. ಅದು 1ರ ಹತ್ತಿರ ಬಂದಷ್ಟೂ ಒಳ್ಳೆಯದು.

ಹಂತ 2: ಕೆಲಸವಿಲ್ಲದೆ ಸುಮ್ಮನೆ ಉರಿಯುವ ಸರ್ವರ್‌ಗಳನ್ನು ಆಫ್ ಮಾಡಿ. ಯಾರದೆಂದು ಯಾರಿಗೂ ಗೊತ್ತಿಲ್ಲದ್ದಿದ್ದರೆ ಮೊದಲು ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತು, ಒಂದು ಸಂಬಳದ ದಿನ ದಾಟುವವರೆಗೆ ಕಾಯಿರಿ. ಯಾರೂ ಬೈಯ್ದುಕೊಂಡು ಓಡಿ ಬರದಿದ್ದರೆ ಕರೆಂಟ್ ತೆಗೆಯಿರಿ.

ಹಂತ 3: ಗಾಳಿ. ಎಲ್ಲರೂ ಎಡವುವುದು ಇಲ್ಲೇ. ಸರ್ವರ್ ಮುಂದಿನಿಂದ ತಂಪು ಎಳೆದು ಹಿಂದಿನಿಂದ ಬಿಸಿ ಉಗುಳುತ್ತದೆ. ಆದ್ದರಿಂದ ರ‍್ಯಾಕ್ ಸಾಲುಗಳು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಮಾಡಿ ನಿಲ್ಲಬೇಕು. ಸರ್ವರ್ ಇಲ್ಲದ ಖಾಲಿ ಜಾಗವನ್ನು ಬಾಯಿ ತೆರೆದು ಬಿಟ್ಟರೆ ಹಿಂದಿನ ಬಿಸಿ ಅಲ್ಲಿಂದಲೇ ಮುಂದಕ್ಕೆ ನುಸುಳಿ, ಸರ್ವರ್ ತಾನೇ ಉಗುಳಿದ್ದನ್ನು ಮತ್ತೆ ಕುಡಿಯುತ್ತದೆ. ಟಿಶ್ಯೂ ಕಾಗದದ ಸಣ್ಣ ಪಟ್ಟಿಯನ್ನು ಆ ಸಂದಿಯ ಎದುರು ಹಿಡಿಯಿರಿ. ಅದು ನಿಮ್ಮ ಕಡೆ ಹಾರಿ, ಬೆರಳಿಗೆ ಬೆಚ್ಚಗಾದರೆ ಕಳ್ಳ ಸಿಕ್ಕ. (ಊದಿನಕಡ್ಡಿ ಹಚ್ಚಬೇಡಿ. ಒಂದು ಕಡೆ ಹೊಗೆಯ ಅಲಾರಂ ಬಡಿದು ಇಡೀ ಆಫೀಸು ಬಿಸಿಲಲ್ಲಿ ನಿಂತಿತ್ತು.)

ಆ ಸಂದಿಗೆ ಬ್ಲ್ಯಾಂಕಿಂಗ್ ಪ್ಯಾನೆಲ್, ಅಂದರೆ ಖಾಲಿ ಜಾಗ ಮುಚ್ಚುವ ಹಲಗೆ ಹಾಕಿ. ಒತ್ತಿದರೆ ಕೂರುವ ಪ್ಲಾಸ್ಟಿಕ್ಕಿನದೇ ಇರಲಿ. ಸ್ಕ್ರೂ ಇರುವುದನ್ನು ಒಮ್ಮೆ ಬಿಚ್ಚಿದವರು ಮತ್ತೆ ಹಾಕಿದ್ದನ್ನು ನಾನು ಕಂಡಿಲ್ಲ. ರಟ್ಟು ಕತ್ತರಿಸಿ ಅಂಟಿಸುವ ಜುಗಾಡ್ ಬೇಡ, ಬೆಂಕಿಗೆ ಮೇವು. ನೆಲದಡಿಯಿಂದ ಕೇಬಲ್ ಬರುವ ತೂತುಗಳಿಗೆ ಬ್ರಷ್ ಮುಚ್ಚಳ. ನೆಲದಡಿಯ ತಂಪು ಗಾಳಿ ಮೇಲೆ ಬರುವ ತೂತಿನ ಟೈಲ್ಸ್ ರ‍್ಯಾಕಿನ ಮುಂದೆ ಮಾತ್ರ. ಆಮೇಲೆ ಮುಂಬದಿಯಲ್ಲೇ ಕೆಳಗೆ, ನಡುವೆ, ಮೇಲೆ ಥರ್ಮಾಮೀಟರ್ ಇಡಿ. ಮೇಲಕ್ಕೂ ಕೆಳಕ್ಕೂ ಐದು ಡಿಗ್ರಿ ಅಂತರವಿದ್ದರೆ ಇನ್ನೂ ಎಲ್ಲೋ ಸೋರುತ್ತಿದೆ, ಹುಡುಕಿ.

ಹಂತ 4: ಈಗ ಎಸಿ ಏರಿಸಿ, ವಾರಕ್ಕೊಂದೇ ಡಿಗ್ರಿ. ಸರ್ವರ್‌ನೊಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇರಲಿ ಎನ್ನುತ್ತದೆ ಎಸಿ ಎಂಜಿನಿಯರುಗಳ ಸಂಘವಾದ ಆಶ್ರೇಯ ಶಿಫಾರಸು. ನಾನು 25ಕ್ಕೆ ನಿಲ್ಲಿಸುತ್ತೇನೆ. ನಮ್ಮ ಬೇಸಿಗೆಯಲ್ಲಿ ಕರೆಂಟ್ ಹೋಗಿ ಜನರೇಟರ್ ತಡಮಾಡಿದರೆ ಕೋಣೆ ಬಿಸಿಯಾಗಲು ಹೆಚ್ಚು ಹೊತ್ತು ಬೇಡ. ಯುಪಿಎಸ್‌ನ ಲೆಡ್ ಆ್ಯಸಿಡ್ ಬ್ಯಾಟರಿಗಳಿಗಂತೂ 25 ದಾಟಿಸಬೇಡಿ, ಹತ್ತು ಡಿಗ್ರಿ ಹೆಚ್ಚಾದರೆ ಆಯುಷ್ಯ ಸುಮಾರು ಅರ್ಧ.

ಚಳಿಗಾಲದ ರಾತ್ರಿ ಕಿಟಕಿ ತೆಗೆದರಾಯಿತಲ್ಲ ಎನ್ನುವವರಿದ್ದಾರೆ. ತೊಗರಿ ರಾಶಿಯ ಕಾಲ, ದಾಲ್ ಮಿಲ್ಲಿನ ಧೂಳು. ಫಿಲ್ಟರ್ ಇಲ್ಲದೆ ಬೇಡವೇ ಬೇಡ. ಮನೆಯ ಕೂಲರ್ ತಂದಿಡುವ ಯೋಚನೆಯೂ ಬೇಡ.

ಹಂತ 5: ಮಾಳಿಗೆಯ ಮೇಲಿನ ಎಸಿಯ ಹೊರ ಯೂನಿಟ್‌ಗಳನ್ನು ಮಾರ್ಚ್‌ಗೆ ಮುಂಚೆ ತೊಳೆಸಿ.

ಹಂತ 6: ಹೈ ಟೆನ್ಷನ್ (ದೊಡ್ಡ ಬಳಕೆದಾರರಿಗೆ ಕೊಡುವ ಹೆಚ್ಚಿನ ವೋಲ್ಟೇಜಿನ) ಸಂಪರ್ಕವಿದ್ದರೆ ಯೂನಿಟ್ ಇಳಿದ ಮಾತ್ರಕ್ಕೆ ಬಿಲ್ ಅಷ್ಟೇ ಇಳಿಯುವುದಿಲ್ಲ, ಕೆವಿಎ (ಲೋಡಿನ ಅಳತೆ) ಲೆಕ್ಕದ ಡಿಮಾಂಡ್ ಶುಲ್ಕ ಉಳಿದೇ ಇರುತ್ತದೆ. ಕಾಂಟ್ರ್ಯಾಕ್ಟ್ ಡಿಮಾಂಡ್ (ಗರಿಷ್ಠ ಎಷ್ಟು ಲೋಡ್ ಎಳೆಯುತ್ತೇವೆಂದು ಒಪ್ಪಿಕೊಂಡ ಪ್ರಮಾಣ) ಇಳಿಸಲು ಈ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಕೊಡಿ. ಆದರೆ ಡಿಸೆಂಬರ್ ರೀಡಿಂಗ್ ಹಿಡಿದುಕೊಂಡು ಓಡಬೇಡಿ, ಒಂದು ಮೇ ತಿಂಗಳು ಪೂರ್ತಿ ನೋಡಿದ ಮೇಲೆ ಹೋಗಿ.